ಉದ್ದ ಕಾಲಿನವರು ಮುಂದೆ ಬನ್ನಿ

ಪಶ್ಚಿಮ ಆಸ್ಟ್ರೇಲಿಯಾದ ಯೋಜನೆ ಓದಿದಿರಲ್ವಾ? ಕೇನ್ ಟೋಡ್ ಅನ್ನೋ ನೆಲಗಪ್ಪೆ ಅಲ್ಲಿನ ಪಿಲ್ಬರಾ ಪ್ರದೇಶಕ್ಕೆ ನುಗ್ಗದ ಹಾಗೆ ಮರುಭೂಮಿಗೂ ಸಮುದ್ರಕ್ಕೂ ನಡುವಿನ ಪಟ್ಟಿಯಲ್ಲಿ ದನದ ನೀರಿನ ತೊಟ್ಟಿಗಳ ಸೋರಿಕೆ ನಿಲ್ಲಿಸುತ್ತಾರಂತೆ. ನೀರಿಲ್ಲದಿದ್ದರೆ ಕಪ್ಪೆ ಒಣಗಿ ಸಾಯುತ್ತದೆ. ಐಡಿಯಾ ಚೆನ್ನಾಗೇ ಇದೆ. ಸುಮಾರು 90 ವರ್ಷ ತಡ, ಅಷ್ಟೇ.

1935ರಲ್ಲಿ ಕ್ವೀನ್ಸ್‌ಲ್ಯಾಂಡಿನ ಸಕ್ಕರೆ ಸಂಶೋಧಕರು ಹವಾಯಿಯಿಂದ ನೂರು ಚಿಲ್ಲರೆ ಕಪ್ಪೆ ತಂದು, ಮರಿ ಮಾಡಿಸಿ, ಗಾರ್ಡನ್‌ವೇಲ್ ಊರಿನ ಸುತ್ತ ಬಿಟ್ಟರು. ಕಬ್ಬಿನ ದುಂಬಿ ನುಂಗೋದು ಅವುಗಳ ಡ್ಯೂಟಿ. ಬೇರು ಕಡಿಯುವ ಗೊಣ್ಣೆಹುಳು ಇರೋದು ಮಣ್ಣಿನೊಳಗೆ. ಅದೇ ದೊಡ್ಡದಾಗಿ ದುಂಬಿಯಾದರೆ ಹಾರಿ ಮರದ ಮೇಲೆ ಕೂರುತ್ತದೆ. ಕಪ್ಪೆ ನೆಲದ ಮೇಲೆ. ಮುಖಾಮುಖಿಯಾಗೋದೇ ಅಪರೂಪ! ಮಂಡ್ಯದ ಯಾವ ಕಬ್ಬಿನ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ.

ಹೆಣ್ಣು ಒಂದು ಸಲಕ್ಕೆ 30,000 ಮೊಟ್ಟೆಯವರೆಗೆ ಇಡುತ್ತದೆ. ಈಗ 20 ಕೋಟಿ ಕಪ್ಪೆ ಇರಬಹುದು ಅಂತ ಅಂದಾಜು. ಎಣಿಸಿದವರಿಗೆ ದೊಡ್ಡ ನಮಸ್ಕಾರ. ನಮ್ಮಲ್ಲಿ ನಾಲ್ಕು ಕಪ್ಪೆ ತಕ್ಕಡಿಗೆ ಹಾಕೋದೇ ಕಷ್ಟ.

ಆದರೆ ಅವುಗಳ ಕಾಲಿನ ಬಗ್ಗೆ ಹೇಳದೆ ಇರಲಾರೆ. ಮೊದಮೊದಲು ವರ್ಷಕ್ಕೆ 10 ಕಿಲೋಮೀಟರ್ ಮುಂದೆ ಹೋಗುತ್ತಿದ್ದ ದಂಡು, ಆಮೇಲೆ 50 ದಾಟಿತು. ಡಾರ್ವಿನ್ ನಗರದ ಹತ್ತಿರ ಕಾದು ಕೂತು ಅಳೆದ ವಿಜ್ಞಾನಿಗಳು 2006ರಲ್ಲಿ ಗುಟ್ಟು ಬಿಚ್ಚಿಟ್ಟರು: ಮೊದಲು ಬಂದವುಗಳ ಕಾಲು ಉದ್ದ, ಹಿಂದೆ ಬಂದವುಗಳದ್ದು ಗಿಡ್ಡ. ಎಲ್ಲರಿಗಿಂತ ಮುಂದೆ ಓಡಿದವನಿಗೆ ಅಲ್ಲಿ ಜೋಡಿ ಸಿಗೋದೂ ಹಾಗೇ ಓಡಿ ಬಂದವಳೇ. ಮಕ್ಕಳು ಇನ್ನೇನು ಮಾಡಬೇಕು? ರಾತ್ರಿ ಡಾಂಬರು ರಸ್ತೆ ಹಿಡಿದು ಹೊರಡುತ್ತವೆ. ಈ ಓಟಕ್ಕೆ ದೊಡ್ಡ ಕಪ್ಪೆಗಳಲ್ಲಿ ಕೆಲವಕ್ಕೆ ಬೆನ್ನುಮೂಳೆಯ ಸಂಧಿವಾತವೂ ಬಂದಿದೆ. ಆದರೂ ಒಂದು ದಿನ ರಜೆ ಹಾಕಿಲ್ಲ. ಇಂಥ ನಿಷ್ಠಾವಂತ ನೌಕರರು ಯಾವ ಇಲಾಖೆಯಲ್ಲಿದ್ದಾರೆ ಹೇಳಿ! ಇವರನ್ನು ಕ್ರಿಕೆಟ್ ಬ್ಯಾಟಿನಲ್ಲಿ, ಗಾಲ್ಫ್ ಕೋಲಿನಲ್ಲಿ ಬಾರಿಸಿ ಅಂತ 2005ರಲ್ಲಿ ಒಬ್ಬ ಸಂಸದರು ಸಲಹೆ ಕೊಟ್ಟರು. ಕೃತಜ್ಞತೆಯೇ ಇಲ್ಲ.

ಇಷ್ಟರವರೆಗೆ ನಗು ಬರುತ್ತದೆ. ಆಮೇಲೆ ಬರಲ್ಲ. ವಾಲ್ಟರ್ ಫ್ರೊಗಟ್ ಅನ್ನೋ ಕೀಟಶಾಸ್ತ್ರಜ್ಞ ಆಗಲೇ ಬೇಡ ಬೇಡ ಅಂದಿದ್ದರು. ಕಪ್ಪೆ ಬಿಡೋದಕ್ಕೆ ತಡೆಯೂ ಬಿದ್ದಿತ್ತು. 1936ರಲ್ಲಿ ಕ್ವೀನ್ಸ್‌ಲ್ಯಾಂಡಿನ ದೊಡ್ಡವರು ಒತ್ತಡ ಹಾಕಿ ಅದನ್ನು ತೆಗೆಸಿದರು. ಹೇಳುವವರಿದ್ದರು, ಕೇಳುವವರಿಗೆ ಪುರುಸೊತ್ತಿರಲಿಲ್ಲ. ಕಪ್ಪೆಯ ಭುಜದ ಗ್ರಂಥಿಯಲ್ಲಿರೋ ವಿಷಕ್ಕೆ, ಅದನ್ನು ತಿಂದ ಉಡ ಸತ್ತವು, ಮೊಸಳೆ ಸತ್ತವು, ಉತ್ತರದ ಕಕಾಡು ಕಾಡಿನಲ್ಲಿ ಬೆಕ್ಕಿಗಿಂತ ಚಿಕ್ಕದಾದ ಕ್ವಾಲ್ ಅನ್ನೋ ಪ್ರಾಣಿ ಹುಡುಕಿದರೂ ಸಿಗದ ಹಾಗಾಯಿತು. ಗೊಣ್ಣೆಹುಳು ಮಾತ್ರ ಆರಾಮಾಗಿತ್ತು. ಅದಕ್ಕೆ ಮದ್ದು ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಕೀಟನಾಶಕದ ಡಬ್ಬಿಯಲ್ಲಿ.

ಈಗ ಕಪ್ಪೆ ಮಾಂಸ ಅರೆದು, ವಾಂತಿ ಬರಿಸೋ ಔಷಧಿ ಬೆರೆಸಿ ಸಾಸೇಜ್ ಮಾಡುತ್ತಾರೆ. ಒಂದು ಸಲ ತಿಂದು ಹೊಟ್ಟೆ ಕೆಟ್ಟ ಕ್ವಾಲ್ ಮತ್ತೆ ಕಪ್ಪೆ ಕಡೆ ತಿರುಗಿ ನೋಡಬಾರದು ಅಂತ. ಪಾಪದ ಪ್ರಾಣಿಗೆ ಪಾಠ. ತಡೆ ತೆಗೆಸಿದ ದೊಡ್ಡವರಿಗೆ ಯಾರೂ ಒಂದು ತುಂಡೂ ತಿನ್ನಿಸಲಿಲ್ಲ.