ಟೀ ಟಾಟ್ ಹೆಸರು ಎಲ್ಲಿ ಸ್ವಾಮಿ?

ಈಗಷ್ಟೇ ಹ್ಯಾಂಕ್ ವಿಲಿಯಮ್ಸ್ ಬಗ್ಗೆ ಒಂದು ವಿಡಿಯೋ ನೋಡಿ ತಲೆ ಕೆಟ್ಟಿದೆ. ಯಾರ ಹತ್ತಿರವೂ ಕಲಿಯದೆ ಕಂಟ್ರಿ ಅನ್ನೋ ಅಮೆರಿಕದ ಹಳ್ಳಿಗಾಡಿನ ಸಂಗೀತದ ದೊರೆ ಆದನಂತೆ. ದೇವರು ಕೊಟ್ಟ ವರವಂತೆ! ಅವನ ಗುರು ರೂಫಸ್ ಪೇನ್ ಹೆಸರು ಒಂದು ಸಲವೂ ಬರಲಿಲ್ಲ.

ಹ್ಯಾಂಕ್ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಅಲಬಾಮಾದಲ್ಲಿ. ಅಮ್ಮ ಲಿಲ್ಲಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಅಪ್ಪ ಆಸ್ಪತ್ರೆ ಸೇರಿದ ಮೇಲೆ ಸಂಸಾರ ಅವಳ ಹೆಗಲಿಗೇ ಬಿತ್ತು. ಜಾರ್ಜಿಯಾನಾ ಅನ್ನೋ ಸಣ್ಣ ಊರಿನ ಬೀದಿಯಲ್ಲಿ ಗಿಟಾರ್ ಬಾರಿಸಿ ಕಾಸು ಸಂಪಾದಿಸುತ್ತಿದ್ದವರು ಪೇನ್. ಕರಿಯ ಕಲಾವಿದ. ಜನ ಕರೆಯುತ್ತಿದ್ದದ್ದು ಟೀ ಟಾಟ್ ಅಂತ. ಹುಡುಗ ಅವರ ಬೆನ್ನು ಬಿದ್ದ. ಪಾಠದ ಫೀಸು ಏನು ಗೊತ್ತಾ? ಲಿಲ್ಲಿ ಹಾಕುತ್ತಿದ್ದ ಊಟ. ಗಿಟಾರಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸೋ ಕಾರ್ಡ್ಸ್, ಕರಿಯರ ಬ್ಲೂಸ್ ಸಂಗೀತದ ಲಯ, ಬೀದಿಯಲ್ಲಿ ಹೋಗೋರನ್ನು ನಿಲ್ಲಿಸಿಕೊಳ್ಳೋ ಕಲೆ, ಎಲ್ಲ ಅಲ್ಲಿಂದಲೇ ಬಂದದ್ದು. ಅದೂ ಕರಿಯರನ್ನು ಬಿಳಿಯರ ಪಕ್ಕ ಕೂರಲೂ ಬಿಡದ ಕಾಲ.

"ಪ್ರತಿಭೆ ಇದ್ದೋನು ಹೇಗಾದ್ರೂ ಮೇಲೆ ಬರ್ತಾನೆ ಬಿಡಿ" ಅಂತ ಯಾರೋ ಹೇಳ್ತೀರಿ, ಗೊತ್ತು. ಬರ್ತಾನೆ, ಬರ್ತಾನೆ. ಬೆರಳು ಯಾವ ತಂತಿ ಮೇಲೆ ಇಡಬೇಕು ಅನ್ನೋದನ್ನೂ ಪ್ರತಿಭೆಯೇ ರಾತ್ರಿ ಕನಸಲ್ಲಿ ಬಂದು ಹೇಳುತ್ತೆ, ಅಲ್ವಾ?

ನನಗೆ ಇಷ್ಟು ಉರಿಯೋದು ಯಾಕೆ ಅಂತ ಹೇಳ್ತೀನಿ. ನನಗೆ ಗಿಟಾರ್ ಹಿಡಿಸಿದ್ದು ಮದುವೆ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ ಅಣ್ಣ. ಹಾಗಂದ ಕೂಡಲೇ ಎದುರಿಗಿದ್ದವರು "ಅದು ಸರಿ, ಕಲಿತದ್ದು ಎಲ್ಲಿ?" ಅಂತಾರೆ. ಮೈಯೆಲ್ಲ ಉರಿದುಹೋಗುತ್ತೆ.

1937ರಲ್ಲಿ ಹ್ಯಾಂಕ್‌ನ ಸಂಸಾರ ಅಲಬಾಮಾದ ರಾಜಧಾನಿ ಮಾಂಟ್‌ಗೋಮರಿಗೆ ಬಂತು. ಅಲ್ಲಿನ ರೇಡಿಯೋದಲ್ಲಿ ಹಾಡಿದ. 'ಡ್ರಿಫ್ಟಿಂಗ್ ಕೌಬಾಯ್ಸ್' ಅಂತ ಬ್ಯಾಂಡ್ ಕಟ್ಟಿದ. ಪ್ರೋಗ್ರಾಂ ಹಿಡಿಯೋದು, ದುಡ್ಡು ಎಣಿಸೋದು ಎಲ್ಲ ಅಮ್ಮನದೇ ದರ್ಬಾರು. 1949ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಕಂಟ್ರಿ ಸಂಗೀತದ ಹೆಸರಾಂತ ರೇಡಿಯೋ ಶೋ ವೇದಿಕೆ ಹತ್ತಿದ. 1953ರ ಹೊಸ ವರ್ಷದ ದಿನ ಹೋಗಿಬಿಟ್ಟ, ಬರೀ 29 ವಯಸ್ಸು.

ಪೇನ್ 1939ರಲ್ಲೇ ಅದೇ ಮಾಂಟ್‌ಗೋಮರಿಯಲ್ಲಿ ತೀರಿಕೊಂಡಿದ್ದರು. ಹೂತ ಜಾಗದಲ್ಲಿ ಹೆಸರಿನ ಕಲ್ಲೂ ಇರಲಿಲ್ಲ. ಶಿಷ್ಯನ ಹೆಸರು ಜಗತ್ತಿಗೆಲ್ಲ ಗೊತ್ತು.

ತಮಾಷೆ ಅಂದ್ರೆ ಹ್ಯಾಂಕ್ ಇದನ್ನು ಮುಚ್ಚಿಟ್ಟವನೇ ಅಲ್ಲ. ನನಗೆ ಸಂಗೀತ ಕಲಿಸಿದ್ದೇ ಪೇನ್ ಅಂತ ತಾನೇ ಹೇಳಿಕೊಂಡಿದ್ದಾನೆ. ಅವನು ಒಪ್ಪಿದ ಸಾಲವನ್ನು ಅಭಿಮಾನಿಗಳು ಮನ್ನಾ ಮಾಡ್ತಿದ್ದಾರೆ! 'ಮೈ ಬಕೆಟ್ಸ್ ಗಾಟ್ ಎ ಹೋಲ್ ಇನ್ ಇಟ್' ಅವನು ಪೇನ್ ಹತ್ತಿರ ಕಲಿತ ಹಾಡು, 1949ರಲ್ಲಿ ರೆಕಾರ್ಡ್ ಮಾಡಿದ. ಮೊದಲು ಅದನ್ನು ಕೇಳಿ. ಆಮೇಲೆ ಜಗಳಕ್ಕೆ ಬನ್ನಿ, ನಾನು ರೆಡಿ.