ಬೆನ್ನ ಹಿಂದಿನ ಕೈಗಳು

ನನ್ನ ಮಗಳು ಬಿಡಿಸಿದ ಚಿತ್ರಗಳಲ್ಲಿ ಬಹಳ ವರ್ಷಗಳವರೆಗೆ ಯಾರ ಕೈಯೂ ಕಾಣಿಸುತ್ತಿರಲಿಲ್ಲ. ಭುಜದಿಂದ ಮೊಣಕೈಯವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಅಲ್ಲಿಂದ ಮುಂದೆ ಏನಾದರೊಂದು ನೆಪ ಹುಟ್ಟಿಕೊಳ್ಳುತ್ತಿತ್ತು. ಕುರುಬನಾದರೆ ಕೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡಿರುತ್ತಿದ್ದ, ಮುದುಕಿಯಾದರೆ ಸೆರಗಿನಲ್ಲಿ ಸುತ್ತಿಕೊಂಡಿರುತ್ತಿದ್ದಳು, ಶಾಲೆಯ ಹುಡುಗರು ಸಾಲಾಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿರುತ್ತಿದ್ದರು. ಒಮ್ಮೆಯಂತೂ ಗಾಂಧೀಜಿಯವರ ಕೋಲು ಅವರ ಶಾಲಿನೊಳಗಿಂದ ತಾನಾಗಿಯೇ ಹೊರಬಂದು ನೆಲ ಊರಿತ್ತು. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಪಾಸಾದ ಮೇಲೂ ಈ ಗುಟ್ಟು ಹೊರಬೀಳಲಿಲ್ಲ. ವಸ್ತುಚಿತ್ರದಲ್ಲಿ ಇಡುವ ತಂಬಿಗೆ, ಡಬ್ಬಿಗಳಿಗೆ ಬೆರಳುಗಳಿರುವುದಿಲ್ಲ. ಸ್ಮೃತಿಚಿತ್ರದಲ್ಲಿ ಜಾತ್ರೆಯನ್ನೇ ಕೇಳಿದರೂ, ತೇರಿಗೆ ಕೈಮುಗಿದು ನಿಂತವರ ಬೆನ್ನುಗಳನ್ನು ಬರೆದರೆ ಭಕ್ತಿಯೂ ಬಂತು, ಕಷ್ಟವೂ ತಪ್ಪಿತು.

ಧಾರವಾಡಕ್ಕೆ ಚಿತ್ರಕಲೆಯ ಪಾಠ ಹೊಸದಲ್ಲ. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿನಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಇಲ್ಲಿ ಚಿತ್ರಶಾಲೆ ತೆರೆದು ಎಷ್ಟೋ ಕಾಲವಾಯಿತು. ಆದ್ದರಿಂದ ಮಗಳು ಪಿ.ಯು.ಸಿ. ಮುಗಿಸಿ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ ಸೇರುತ್ತೇನೆಂದಾಗ ನಮ್ಮ ಓಣಿಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ, ‘ಮುಂದೇನು?’ ಎಂದು ಕೇಳಿದವರು ಮಾತ್ರ ಹಲವರು.

ಗುಟ್ಟು ರಟ್ಟಾದದ್ದು ಮೊದಲ ವರ್ಷದ ಒಂದು ಅಸೈನ್‌ಮೆಂಟಿನಲ್ಲಿ. ತಮಗಿಷ್ಟವಾದ ಗಾದೆಯೊಂದನ್ನು ಆರಿಸಿಕೊಂಡು ಅದಕ್ಕೆ ಚಿತ್ರ ಬರೆಯಬೇಕಾಗಿತ್ತು. ಅವಳು ಆರಿಸಿಕೊಂಡ ಗಾದೆ, ಯಾವ ದೈವಪ್ರೇರಣೆಯೋ, ‘ಕೈ ಕೆಸರಾದರೆ ಬಾಯಿ ಮೊಸರು’. ಎರಡು ರಾತ್ರಿ ಕುಳಿತು ಕಲಘಟಗಿ ಕಡೆಯ ಭತ್ತದ ಗದ್ದೆ, ಬಾಗಿ ಸಸಿ ನೆಡುವ ಹೆಂಗಸರು, ದೂರದಲ್ಲಿ ಬುತ್ತಿಯ ಗಂಟು, ಗಂಟಿನ ಪಕ್ಕದಲ್ಲಿ ಮೊಸರಿನ ಗಡಿಗೆ ಎಲ್ಲವನ್ನೂ ಬಹಳ ಚೆಂದಾಗಿ ಬರೆದಳು. ಹೆಂಗಸರ ಕೈಗಳು ಮುಂಗೈವರೆಗೂ ಕೆಸರಿನೊಳಗೇ ಇದ್ದವು. ಮೇಷ್ಟ್ರು ಹಾಳೆಯನ್ನು ಬಹಳ ಹೊತ್ತು ನೋಡಿ, “ಗಾದಿ ಮಾತು ಕೈದು ಐತಿ, ನಿನ್ನ ಚಿತ್ರದಾಗ ಬರೇ ಕೆಸರು ಐತಿ. ಕೈ ಎಲ್ಲೈತವ್ವಾ?” ಎಂದರಂತೆ. ಆಮೇಲೆ ಅವಳ ಹಳೆಯ ಫೈಲನ್ನೂ ತರಿಸಿ, ಒಂದೊಂದೇ ಹಾಳೆ ತಿರುವಿ, ಇವರೆಲ್ಲ ಯಾರಿಗೆ ಹೆದರಿ ಕೈ ಬಚ್ಚಿಟ್ಟುಕೊಂಡಿದ್ದಾರೆಂದು ಕೇಳಿದರಂತೆ. ಶಿಕ್ಷೆ ಅಲ್ಲಿಯೇ ನಿಗದಿಯಾಯಿತು. ಒಂದು ತಿಂಗಳು ಕೈಗಳನ್ನು ಬಿಟ್ಟು ಬೇರೇನನ್ನೂ ಬರೆಯುವಂತಿರಲಿಲ್ಲ.

ಸ್ವಾತಂತ್ರ್ಯ ಕೊಟ್ಟರೆ ಪ್ರತಿಭೆ ತಾನಾಗಿ ಅರಳುತ್ತದೆ ಎನ್ನುವ ಮಾತನ್ನು ಸಭೆಗಳಲ್ಲಿ ಕೇಳಿ ನಾನೂ ತಲೆದೂಗಿದವನೇ. ಆದರೆ ಸ್ವಾತಂತ್ರ್ಯವಿದ್ದಷ್ಟು ದಿನ ನನ್ನ ಮಗಳು ಅರಳಿಸಿದ್ದು ಬಗೆಬಗೆಯ ಕಂಬಳಿಗಳನ್ನು.

ಶಿಕ್ಷೆಯ ತಿಂಗಳಿನಲ್ಲಿ ನಮ್ಮ ಮನೆ ಅಂಗರಚನಾಶಾಸ್ತ್ರದ ಪಾಠಶಾಲೆಯಾಯಿತು. ಒಂದು ಕೈಯಲ್ಲಿ 27 ಎಲುಬುಗಳಿವೆಯೆಂದು, ಅವುಗಳಲ್ಲಿ 8 ಮಣಿಕಟ್ಟಿನಲ್ಲಿ, 5 ಅಂಗೈಯಲ್ಲಿ, ಉಳಿದ 14 ಬೆರಳುಗಳಲ್ಲಿ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ಅಂಗೈಯ ಬುಡವನ್ನು ಗದ್ದಕ್ಕೆ ಹಚ್ಚಿದರೆ ನಡುಬೆರಳಿನ ತುದಿ ಹೆಚ್ಚುಕಡಿಮೆ ಹಣೆಯ ಕೂದಲಂಚಿಗೆ ಮುಟ್ಟುತ್ತದೆಂದು ಅವಳು ಹೇಳಿದಾಗ, ಮನೆಮಂದಿಯೆಲ್ಲ ಮುಖದ ಮೇಲೆ ಕೈಯಿಟ್ಟುಕೊಂಡು ಪರೀಕ್ಷಿಸಿಕೊಳ್ಳುತ್ತಿದ್ದೆವು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಕಂಡು ಏನೋ ಅನಾಹುತವಾಗಿದೆಯೆಂದು ಹೊಸ್ತಿಲಲ್ಲೇ ನಿಂತುಬಿಟ್ಟರು. ಇಷ್ಟೆಲ್ಲ ಶಾಸ್ತ್ರ ತಿಳಿದರೂ ಮೊದಲ ವಾರ ಹಾಳೆಯ ಮೇಲೆ ಮೂಡಿದ್ದು ಬಾಳೆಹಣ್ಣಿನ ಚಿಪ್ಪುಗಳು. ರಬ್ಬರು ಉಜ್ಜಿ ಉಜ್ಜಿ ಕಾಗದ ತೂತು ಬಿದ್ದಿತು.

ರಬ್ಬರನ್ನು ಬಿಡಿಸಿದವಳು ನನ್ನ ಹೆಂಡತಿ. ಜೋಳದ ರೊಟ್ಟಿ ಬಡಿಯುವ ಕೈಯನ್ನು ಬರೆಯಬೇಕೆಂದು ಮಗಳು ಒಲೆಯ ಪಕ್ಕದಲ್ಲಿ ಕುಳಿತು, ‘ಒಂದು ನಿಮಿಷ ಕೈ ನಿಲ್ಲಿಸವ್ವ’ ಎಂದಳು. ‘ಕೈ ನಿಲ್ಲಿಸಿದರ ರೊಟ್ಟಿ ಹರೀತದ’ ಎಂದು ಉತ್ತರ ಬಂತು. ಆ ಕೈಗಳು ರೊಟ್ಟಿಯನ್ನು ಬಡಿಯುತ್ತ ಬಡಿಯುತ್ತಲೇ ತಿರುಗಿಸುತ್ತವೆ. ಯಾವ ಕ್ಷಣದಲ್ಲಿ ಬಡಿದವು, ಯಾವ ಕ್ಷಣದಲ್ಲಿ ತಿರುಗಿಸಿದವು ಎಂದು ಹೇಳಲಾಗುವುದಿಲ್ಲ. ಅಳಿಸಲು ಪುರಸೊತ್ತಿಲ್ಲದೆ, ತಪ್ಪಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ, ಅದರ ಮೇಲೆ ಮತ್ತೊಂದು ಎಂದು ಎಳೆಯುತ್ತ ಹೋದಳು. ಎಂಟನೆಯದೋ ಒಂಬತ್ತನೆಯದೋ ರೊಟ್ಟಿಯ ಹೊತ್ತಿಗೆ ಆ ಗೆರೆಗಳ ಗೊಂದಲದಲ್ಲಿ ಕೈ ಬಡಿಯುವುದು ಕಾಣತೊಡಗಿತು. ಅಂದಿನ ರೊಟ್ಟಿ ಲೆಕ್ಕಕ್ಕಿಂತ ಹೆಚ್ಚಾದವು.

ತಿಂಗಳು ಮುಗಿದರೂ ಚಟ ಮುಗಿಯಲಿಲ್ಲ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದ ಮುಷ್ಟಿಗಳು, ಸುಭಾಸ ರಸ್ತೆಯಲ್ಲಿ ಮೊಳ ಹಾಕಿ ಹೂವು ಅಳೆಯುವ ಕೈಗಳು, ಪೇಡೆಯನ್ನು ಸಕ್ಕರೆಪುಡಿಯಲ್ಲಿ ಹೊರಳಿಸುವ ಬೆರಳುಗಳು ಅವಳ ಪುಸ್ತಕ ಸೇರಿದವು. ನನ್ನ ಕೈಯನ್ನು ಮಾತ್ರ ಅವಳು ಕೇಳಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಬೆಳೆದ ಗುಮಾಸ್ತನ ಕೈಯಲ್ಲಿ ಬರೆಯುವಂಥದ್ದೇನೂ ಇಲ್ಲವೆಂದು ತಿಳಿದಿರಬೇಕು. ನನಗೆ ತುಸು ಬೇಸರವಾದದ್ದು ನಿಜ.

ಎರಡನೆಯ ವರ್ಷ ‘ದುಡಿಮೆ’ ಎಂಬ ವಿಷಯ ಕೊಟ್ಟಾಗ ಅವಳು ಹಾವೇರಿ ಜಿಲ್ಲೆಯ ಬ್ಯಾಡಗಿಗೆ, ನನ್ನ ಅತ್ತಿಗೆಯ ಮನೆಗೆ ಹೋದಳು. ಅಲ್ಲಿ ಹೆಂಗಸರು ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ದಿನವಿಡೀ ತೊಟ್ಟು ಬಿಡಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ಹೌದಾದರೂ, ಸಂಜೆಯ ಹೊತ್ತಿಗೆ ಬೆರಳು ಉರಿಯದೆ ಬಿಡುವುದಿಲ್ಲ. ಈ ಉರಿಯನ್ನು ಬರೆಯುವುದು ಹೇಗೆ? ಮೊದಲು ಬೆರಳ ತುದಿಗೆ ಕೆಂಪು ಹಚ್ಚಿದಳಂತೆ. ಮದುವೆಮನೆಯ ಮೆಹಂದಿಯಂತೆ ಕಂಡಿತು. ಮರುದಿನ ಬರೆಯುವುದನ್ನು ಬಿಟ್ಟು ಸುಮ್ಮನೆ ನೋಡುತ್ತ ಕುಳಿತಾಗ ತಿಳಿದದ್ದೆಂದರೆ, ಅಲ್ಲಿ ಯಾರೂ ಬೆರಳಿನಿಂದ ತಮ್ಮ ಮುಖವನ್ನು ಮುಟ್ಟಿಕೊಳ್ಳುವುದಿಲ್ಲ. ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತಾರೆ, ಕಣ್ಣಿಗೆ ಬಿದ್ದ ಕೂದಲನ್ನು ಮಣಿಕಟ್ಟಿನಿಂದ ಸರಿಸುತ್ತಾರೆ, ಆಗ ಐದೂ ಬೆರಳುಗಳು ಒಂದನ್ನೊಂದು ತಾಕದಂತೆ ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ. ಅತ್ತಿಗೆ ಹಾಗೆ ಕೂದಲು ಸರಿಸಿಕೊಳ್ಳುವ ಭಂಗಿಯನ್ನು ಅವಳು ಬರೀ ಪೆನ್ಸಿಲಿನಲ್ಲಿ, ಬಣ್ಣವಿಲ್ಲದೆ ಬರೆದು ತಂದಳು. ಮೆಣಸಿನಕಾಯಿಯ ಸುಕ್ಕಿಗೂ ಬೆರಳ ಗೆಣ್ಣಿನ ಸುಕ್ಕಿಗೂ ಒಂದೇ ಬಗೆಯ ಗೆರೆ. ಅದನ್ನು ನೋಡಿದ ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಕೈಯನ್ನು ಅಂಗಿಗೆ ಒರೆಸಿಕೊಂಡೆ.

ಈಚೆಗೆ ಅವಳು ತನ್ನ ಅಜ್ಜಿ ಕಸೂತಿ ಹಾಕುವುದನ್ನು ಬರೆದಿದ್ದಾಳೆ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳ ಈ ಕೆಲಸದಲ್ಲಿ ಬಟ್ಟೆಯ ಮೇಲೆ ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಅಜ್ಜಿಯ ಗವಂತಿಯಂತೂ ಬಟ್ಟೆಯ ಹಿಂದೆಯೂ ಮುಂದೆಯೂ ಒಂದೇ ತೆರನಾಗಿ ಕಾಣುತ್ತದೆ. ಚಿತ್ರದಲ್ಲಿ ಒಂದೇ ಕೈ ಇರುವುದನ್ನು ಕಂಡು ನಾನು ‘ಮತ್ತೆ ಶುರುವಾಯಿತೇ?’ ಎಂದುಕೊಂಡೆ. ಹತ್ತಿರದಿಂದ ನೋಡಿದಾಗ ಇನ್ನೊಂದು ಕೈ ಬಟ್ಟೆಯ ಕೆಳಗಿರುವುದು ಗೊತ್ತಾಯಿತು. ಸೂಜಿಯನ್ನು ಹಿಡಿಯಲು ಎದ್ದ ಹೆಬ್ಬೆರಳು ಮತ್ತು ತೋರುಬೆರಳು ಬಟ್ಟೆಯನ್ನು ಒಂದು ಸಣ್ಣ ಗುಡಾರದಂತೆ ಎತ್ತಿದ್ದವು. ಉಳಿದ ಮೂರು ಬೆರಳುಗಳು ಎಲ್ಲಿ ಮಡಚಿಕೊಂಡಿವೆಯೆಂದು ನೆರಿಗೆಗಳನ್ನು ನೋಡಿಯೇ ಹೇಳಬಹುದಾಗಿತ್ತು.

ಕಳೆದ ದೀಪಾವಳಿಯಂದು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಬರೆದ ಚಿತ್ರ ಈಗ ಪಡಸಾಲೆಯ ಗೋಡೆಯ ಮೇಲಿದೆ. ಅಜ್ಜಿ, ಹೆಂಡತಿ, ಅತ್ತಿಗೆ ಎಲ್ಲರ ಕೈಗಳೂ ಅದರಲ್ಲಿವೆ, ನನ್ನವನ್ನು ಬಿಟ್ಟು. ಕೊನೆಗೂ ಬರೆಯಲಿಲ್ಲವಲ್ಲ ಎಂದು ನಾನು ಆಕ್ಷೇಪಿಸಿದಾಗ ಅವಳು, ‘ಕಿಸೆ ನೋಡ್ರಿ ಅಪ್ಪಾ’ ಎಂದಳು. ನೋಡಿದೆ. ಪ್ಯಾಂಟಿನ ಬಲಗಿಸೆ ಉಬ್ಬಿತ್ತು, ಉಬ್ಬಿನಲ್ಲಿ ನಾಲ್ಕು ಗೆಣ್ಣುಗಳ ಸಾಲಿತ್ತು, ಸಾಲಿನ ತುದಿಯಲ್ಲಿ ಬಟ್ಟೆಯನ್ನು ಒಳಗಿನಿಂದ ಚುಚ್ಚುವ ಒಂದು ಸಣ್ಣ ಮೂಲೆಯಿತ್ತು. ಪೇಟೆ ಮುಚ್ಚುವುದರೊಳಗೆ ಹೋಗಿ ಹಣತೆ ತರಬೇಕೆಂಬ ಅವಸರದಲ್ಲಿ ನಾನು ಅಂದು ಕಿಸೆಯೊಳಗೆ ಸ್ಕೂಟರಿನ ಬೀಗದ ಕೈ ಹಿಡಿದುಕೊಂಡೇ ನಿಂತಿದ್ದೆ.