ಕುತ್ತಿಗೆಗೆ ಗುಂಡೇಟು: ಮೊದಲು ಕ್ಯಾಥ್‌ಲ್ಯಾಬಾ, ಆಪರೇಷನ್ ಥಿಯೇಟರಾ?

ಪರ: ಒಳಗಿಂದಲೇ ಹೋಗೋಣ
(ಬೆಂಗಳೂರಿನ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್)

ಬೆಂಗಳೂರಿನಲ್ಲಿ ಗುಂಡೇಟು ದಿನಾ ಬರುವ ಕೇಸ್ ಅಲ್ಲ. ಬಂದಾಗ ಮಾತ್ರ ಎಮರ್ಜೆನ್ಸಿಯಲ್ಲಿ ಅದೇ ಹಳೆ ಜಗಳ. ಪೇಷಂಟಿನ ಬಿಪಿ ಸ್ಥಿರವಾಗಿದ್ದು, ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಮಾಡಿಸುವಷ್ಟು ಸಮಯ ಇದ್ದರೆ ಕ್ಯಾಥ್‌ಲ್ಯಾಬ್‌ಗೇ, ಅಂದರೆ ಎಕ್ಸ್‌ರೇ ಪರದೆ ನೋಡುತ್ತಾ ನಾಳದೊಳಗೆ ಕೊಳವೆ ಬಿಡುವ ಕೋಣೆಗೇ, ಒಯ್ಯಬೇಕು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ನಾವು ಕುತ್ತಿಗೆಯನ್ನು ಮೂರು ವಲಯ ಮಾಡಿ ನೋಡುತ್ತೇವೆ. ಮಧ್ಯದ್ದು ಬಿಡಿ, ಕೊಯ್ದರೆ ಕೈಗೆ ಸಿಗುತ್ತದೆ. ಕೆಳಗಿನದಕ್ಕೆ ಎದೆಗೂಡನ್ನೇ ತೆರೆಯಬೇಕಾಗಬಹುದು. ದವಡೆಯ ಮೂಲೆಯಿಂದ ತಲೆಬುರುಡೆಯ ಬುಡದವರೆಗಿನ ಮೂರನೇ ವಲಯದಲ್ಲಿ ದವಡೆಯೇ ಅಡ್ಡ. ಇನ್ನು ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ವರ್ಟಿಬ್ರಲ್ ರಕ್ತನಾಳ ಕತ್ತಿನ ಮೂಳೆಗಳ ತೂತುಗಳೊಳಗೇ ಹತ್ತಿ ಹೋಗುತ್ತದೆ. ಅಲ್ಲಿಗೆ ಕೈ ಹಾಕಲು ಮೂಳೆ ಕೊರೆಯಬೇಕು. ನಮ್ಮ ಸರ್ಜನ್ ಮಿತ್ರರಿಗೆ ಎಲ್ಲವನ್ನೂ ತೆರೆದು ಕಣ್ಣಾರೆ ನೋಡಿದರೇ ಸಮಾಧಾನ. ನಾವು ತೊಡೆಸಂದಿಯ ನಾಳದಲ್ಲಿ ತಂತಿ, ಸಣ್ಣ ಕೊಳವೆ ತೂರಿಸಿ ಒಳಗಿಂದಲೇ ಹೋಗುತ್ತೇವೆ.

ಕೊಡಗಿನ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ತೋಟಕ್ಕೆ ನುಗ್ಗಿದ ಹಂದಿ ಓಡಿಸಲು ಹೋಗಿದ್ದಾಗ ಜೊತೆಯವನ ಕೋವಿ ಸಿಡಿದಿತ್ತು. ಬಲಗಿವಿಯ ಕೆಳಗೆ ಸಣ್ಣ ಸಣ್ಣ ತೂತು, ಅಷ್ಟೆ. "ಗಾಯ ಇಷ್ಟೇ ಇದೆಯಲ್ಲಾ ಸಾರ್, ಹೊಲಿಗೆ ಹಾಕಿದ್ರೆ ಆಗಲ್ವಾ?" ಅಂತ ಅವನ ಅಕ್ಕ ಕೇಳುತ್ತಿದ್ದರು. ಪರದೆಯಲ್ಲಿ ಸೀಸದ ಪೆಲೆಟ್‌ಗಳು ಕಪ್ಪು ಚುಕ್ಕೆಗಳಾಗಿ ಕಂಡವು. ವರ್ಟಿಬ್ರಲ್‌ಗೆ ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಟ್ಟೆವು. ಒಂದು ಕಡೆ ನಾಳದ ಪಕ್ಕಕ್ಕೆ ಜಾರಿ ಅಲ್ಲೇ ನಿಂತಿತು, ಹಳೆ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ. ಇದಕ್ಕೆ ಸೂಡೋಅನ್ಯೂರಿಸಂ ಅಂತಾರೆ. ನಾಳದ ಗೋಡೆ ಹರಿದಿರುತ್ತದೆ, ಸುತ್ತಲಿನ ಮಾಂಸ ಹೇಗೋ ತಡೆದಿರುತ್ತದೆ. ಯಾವ ಗಳಿಗೆಯಲ್ಲಾದರೂ ಒಡೆಯಬಹುದು.

ಮೊದಲು ಎಡಗಡೆಯ ನಾಳ ನೋಡಿದೆವು. ದಪ್ಪಗಿತ್ತು, ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡಲು ಅದೊಂದೇ ಸಾಕಿತ್ತು. ಆಮೇಲೆ ಹರಿದ ಜಾಗ ದಾಟಿ ಮೇಲೆ ಒಂದಿಷ್ಟು ಪ್ಲಾಟಿನಂ ಕಾಯಿಲ್ (ನಾಳ ಮುಚ್ಚುವ ಸುರುಳಿ ತಂತಿ), ಕೆಳಗೆ ಒಂದಿಷ್ಟು. ಕೆಳಗಷ್ಟೇ ಮುಚ್ಚಿದರೆ ಸಾಲದು, ಎಡಗಡೆಯಿಂದ ಹೋದ ರಕ್ತ ಮೇಲಿಂದ ಹಿಂದಕ್ಕೆ ಇಳಿದು ಅದೇ ತೂತಿಗೆ ಬರುತ್ತದೆ. ಕಟ್ಟುವುದಾದರೂ ಎರಡೂ ಕಡೆ ಕಟ್ಟಬೇಕು. ಸರ್ಜನ್‌ಗಳು ಮೂಳೆಯ ಒಳಗೆ ದಾರ ಹಾಕಿ ಹಾಗೆ ಕಟ್ಟಿ ತೋರಿಸಲಿ ನೋಡೋಣ! ಮಾರನೇ ದಿನ ಹುಡುಗನ ಮಾತು, ಕೈಕಾಲು ಎಲ್ಲ ಸರಿಯಿತ್ತು. ಪೆಲೆಟ್‌ಗಳನ್ನು ಒಳಗೇ ಬಿಟ್ಟೆವು. ಎಂಆರ್‌ಐಗೆ ಹೋದರೆ ಮೊದಲೇ ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ.

ಕುತ್ತಿಗೆಯ ಮುಂದಿನ ದೊಡ್ಡ ನಾಳ ಕ್ಯಾರಾಟಿಡ್ ಹರಿದಿದ್ದರೆ ನಾಳವನ್ನೇ ಮುಚ್ಚಲೂ ಬೇಕಿಲ್ಲ. ಬಟ್ಟೆ ಹೊದಿಸಿದ ಸ್ಟೆಂಟ್ (ಜಾಲರಿ ಕೊಳವೆ) ಹಾಕಿದರೆ ತೂತು ಮುಚ್ಚುತ್ತದೆ, ರಕ್ತವೂ ಹರಿಯುತ್ತದೆ. ಮಾಸ್ಕೋದ ನರಶಸ್ತ್ರಚಿಕಿತ್ಸಕ ಸೆರ್ಬಿನೆಂಕೊ 1970ರ ದಶಕದಲ್ಲೇ ನಾಳದೊಳಗೆ ಬಲೂನ್ ಬಿಟ್ಟು ಮುಚ್ಚಿ ತೋರಿಸಿದ್ದರು. ಇದನ್ನಿನ್ನೂ ಹೊಸ ಪ್ರಯೋಗ ಅನ್ನೋರಿಗೆ ಏನು ಹೇಳೋದು?

ವಿರೋಧ: ಮೊದಲು ಬೆರಳು, ಆಮೇಲೆ ತಂತಿ
(ಜನರಲ್ ಸರ್ಜನ್)

ಈ ಕಡೆ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ. ಸಂಪಾದಕರು ಕೇಳಿದರು, ಒಪ್ಪಿಕೊಂಡೆ. ಮೂರನೇ ವಲಯದ ಬಗ್ಗೆ ನನಗೂ ಜಾಸ್ತಿ ತಕರಾರಿಲ್ಲ. ವಿರೋಧ ಅಂದ ಮೇಲೆ ಏನಾದರೂ ಹೇಳಬೇಕಲ್ಲ.

ವರ್ಟಿಬ್ರಲ್ ಕಥೆ ಚೆನ್ನಾಗಿದೆ. ಅಂಥದ್ದು ಎಷ್ಟು ಬರುತ್ತೆ? ಪರದೆ ಮುಂದೆ ನಿಂತವರಿಗೆ ರಕ್ತ ಕಪ್ಪು-ಬಿಳುಪಾಗಿ ಕಾಣುತ್ತದೆ, ನಮಗೆ ಕೆಂಪಗೆ. ಗಾಯದಿಂದ ಚಿಮ್ಮುತ್ತಿದ್ದರೆ ಮೊದಲ ಚಿಕಿತ್ಸೆ ಬೆರಳಿಟ್ಟು ಒತ್ತುವುದು. ಬೆರಳಿಗೆ ನಿಲ್ಲದಿದ್ದರೆ ಮೂತ್ರಕ್ಕೆ ಹಾಕುವ ಫೋಲಿ ಟ್ಯೂಬನ್ನು ಗಾಯದೊಳಗೆ ತೂರಿಸಿ, ಬಲೂನಿಗೆ ನೀರು ತುಂಬಿ, ಹೊರಗೆ ಕ್ಲ್ಯಾಂಪ್ ಹಾಕಿ ಥಿಯೇಟರ್‌ಗೆ ಓಡಬೇಕು. ಆ ಟ್ಯೂಬ್ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ಕುತ್ತಿಗೆಯ ಬಾವು ಏರುತ್ತಿದ್ದರೆ ಅದಕ್ಕೂ ಮೊದಲು ಉಸಿರಿನ ಟ್ಯೂಬ್.

ಗುಂಡು ನಾಳವೊಂದನ್ನೇ ಆರಿಸಿಕೊಂಡು ಹೊಡೆಯುವುದಿಲ್ಲ. ಅನ್ನನಾಳವೋ ಉಸಿರುನಾಳವೋ ಹರಿದಿದ್ದರೆ ಸ್ಟೆಂಟ್ ಏನು ಮಾಡುತ್ತೆ? ಹೇಗೂ ಕೊಯ್ಯಲೇಬೇಕು. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಕೊಡಬೇಕು. ಹಸಿ ಗಾಯದ ಮನುಷ್ಯನಿಗೆ ಈ ಮಾತ್ರೆ!

ನಮ್ಮೂರಲ್ಲಿ ಕ್ಯಾಥ್‌ಲ್ಯಾಬ್ ಬೇಕಾದಷ್ಟಿವೆ, ಬಹುಪಾಲು ಹೃದಯದವರದ್ದು. ಮಿದುಳಿನ ನಾಳಕ್ಕೆ ಕೈ ಹಾಕುವವರು ರಾತ್ರಿ ಮನೆಯಿಂದ ಬರಬೇಕು. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ, ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಿ ಅಂತ. ಪೊಲೀಸರಿಗೇ ಕಾಯಬಾರದು ಅಂದಮೇಲೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ರೇಡಿಯಾಲಜಿಸ್ಟ್‌ಗೆ ಕಾಯೋದು ಯಾವ ನ್ಯಾಯ?